ಮಗ ಹಾಕಿಟ್ಟ ಟಿಕ್ ಗುರುತುಗಳು: ಗೂಗಲ್‌ನ ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್, ಪಡೆದವನ ಕಡೆಯಿಂದ

ಗೂಗಲ್‌ನ ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್, ಅಂದರೆ ನಾವು ಖಾತೆ ಬಳಸುವುದು ನಿಂತ ಮೇಲೆ ಅದರೊಳಗಿನದನ್ನು ನಾವು ಹೆಸರಿಸಿದವರಿಗೆ ತಲುಪಿಸುವ ಸೇವೆ. ಅದರ ಬಗ್ಗೆ ನಾನು ಓದಿದ ವಿಮರ್ಶೆಗಳೆಲ್ಲ ಅದನ್ನು ಸೆಟ್ ಮಾಡಿದವರು ಬರೆದವು. ಐದು ನಿಮಿಷದ ಕೆಲಸ, ಕಾಸು ಖರ್ಚಿಲ್ಲ, ಎಲ್ಲರೂ ಮಾಡಿಟ್ಟುಕೊಳ್ಳಿ ಅಂತ ಹೇಳಿ ಮುಗಿಸುತ್ತಾರೆ. ಸೆಟ್ ಮಾಡಿದವರಿಗೆ ಅದು ನಿಜಕ್ಕೂ ಕೆಲಸ ಮಾಡುವುದನ್ನು ನೋಡಲು ಆಗುವುದಿಲ್ಲ, ಅಲ್ವಾ? ಅದನ್ನು ನೋಡುವವರು ಇನ್ನೊಂದು ತುದಿಯಲ್ಲಿ ಇರುವವರು. ನಾನು ಆ ತುದಿಯವನು. ಆದ್ದರಿಂದ ಬರೆಯುತ್ತಿದ್ದೇನೆ.

ನನ್ನ ಮಗ ಪರದೇಶದಲ್ಲಿ ಕೆಲಸದಲ್ಲಿದ್ದ. ಬೆಳಗ್ಗೆ ಸೈಕಲ್ ಮೇಲೆ ಆಫೀಸಿಗೆ ಹೋಗುವಾಗ ಅಪಘಾತವಾಗಿ ತೀರಿಕೊಂಡ. ಅವನಿಗೆ 29 ವರ್ಷ. ಆ ದಿನದ ಬಗ್ಗೆ ಇಲ್ಲಿ ಇಷ್ಟು ಸಾಕು.

ಮೊದಲು ಈ ಸೇವೆ ಏನು ಅಂತ ಹೇಳಿಬಿಡುತ್ತೇನೆ. ಗೂಗಲ್ ಇದನ್ನು 2013ರಲ್ಲಿ ಶುರು ಮಾಡಿತು. ನಿಮ್ಮ ಖಾತೆಯನ್ನು ನೀವು ಇಷ್ಟು ಕಾಲ ಮುಟ್ಟದೇ ಇದ್ದರೆ ಏನು ಮಾಡಬೇಕು ಅಂತ ಮೊದಲೇ ಹೇಳಿಡಬಹುದು. ಕಾಯುವ ಅವಧಿ 3 ತಿಂಗಳು, 6 ತಿಂಗಳು, 12 ಅಥವಾ 18. ಯಾರಿಗೆ ತಿಳಿಸಬೇಕು ಅಂತ 10 ಜನರವರೆಗೆ ಹೆಸರಿಸಬಹುದು. ಅವರವರಿಗೆ ಏನೇನು ಸಿಗಬೇಕು ಅಂತ ಬೇರೆಬೇರೆಯಾಗಿ ಆರಿಸಬಹುದು: ಫೋಟೋ, ಡ್ರೈವ್, ಜಿಮೇಲ್, ಯೂಟ್ಯೂಬ್, ಹೀಗೆ ಒಂದು ಉದ್ದ ಪಟ್ಟಿ, ಪ್ರತಿಯೊಂದರ ಪಕ್ಕದಲ್ಲೂ ಟಿಕ್ ಹಾಕುವ ಚೌಕ. ಜೊತೆಗೆ ಅವರಿಗೆ ನಾಲ್ಕು ಮಾತು ಬರೆದಿಡಬಹುದು. ಕೊನೆಗೆ ಖಾತೆಯನ್ನೇ ಅಳಿಸಬೇಕೋ ಬೇಡವೋ ಅಂತಲೂ ಕೇಳುತ್ತದೆ. ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಡೇಟಾ ಮತ್ತು ಪ್ರೈವಸಿ ಅನ್ನುವ ಕಡೆ ಕೆಳಗೆ ಹೋದರೆ, ಡಿಜಿಟಲ್ ಲೆಗಸಿ ಅನ್ನುವ ಮಾತಿನ ಹತ್ತಿರ ಸಿಗುತ್ತದೆ. ಹುಡುಕಿಕೊಂಡು ಹೋಗದಿದ್ದರೆ ಕಣ್ಣಿಗೆ ಬೀಳುವ ಜಾಗ ಅಲ್ಲ.

ಹೆಸರಿಸಿದವರಿಗೆ ಮೊದಲೇ ಸುದ್ದಿ ಹೋಗುವುದಿಲ್ಲ. ಅವಧಿ ಮುಗಿದ ಮೇಲೇ ಗೊತ್ತಾಗುವುದು. ಮಗ ನನ್ನನ್ನು ಹೆಸರಿಸಿದ್ದ. ನನಗೆ ಹೇಳಿರಲಿಲ್ಲ.

ಮೇಲ್ ಬರುವಷ್ಟರಲ್ಲಿ ಅವನು ಹೋಗಿ 3 ತಿಂಗಳ ಮೇಲೆ ಸಾಕಷ್ಟು ದಿನ ಆಗಿತ್ತು. ಅವನು ಆರಿಸಿದ್ದು 3 ತಿಂಗಳನ್ನೇ. ಮತ್ತೆ ತಡ ಯಾಕೆ ಅಂತ ಆಮೇಲೆ ಕೂತು ಲೆಕ್ಕ ಹಾಕಿದೆ. ಲಾಗಿನ್ ಆದರೆ ಮಾತ್ರ ಗೂಗಲ್ ಅದನ್ನು ಬಳಕೆ ಅನ್ನುತ್ತದೆ ಅಂತ ನಾನು ಅಂದುಕೊಂಡಿದ್ದೆ, ಹಾಗಿಲ್ಲ. ಆಂಡ್ರಾಯ್ಡ್ ಫೋನ್ ತಾನಾಗಿಯೇ ಆಗಾಗ ಗೂಗಲ್‌ಗೆ ಹಾಜರಿ ಹಾಕುತ್ತದೆ, ಅದೂ ಬಳಕೆಯ ಲೆಕ್ಕಕ್ಕೇ ಬರುತ್ತದೆ. ಅವನ ಫೋನ್ ಪೊಲೀಸರಿಂದ ರೂಮ್‌ಮೇಟ್ ಕೈಗೆ ಬಂದಿತ್ತು. ಆ ಹುಡುಗ ಅದನ್ನು ವಾರಗಟ್ಟಲೆ ಚಾರ್ಜ್ ಮಾಡಿಟ್ಟಿದ್ದ. ಸುದ್ದಿ ಗೊತ್ತಿಲ್ಲದವರು ಯಾರಾದರೂ ಕರೆ ಮಾಡಿದರೆ ತಾನು ಎತ್ತಿ ಹೇಳಬಹುದು, ಅಷ್ಟು ಕೆಲಸ ಮನೆಯವರಿಗೆ ಬೇಡ ಅಂತ. ಒಳ್ಳೆಯ ಹುಡುಗ. ಅವನು ಹಾಗೆ ಚಾರ್ಜ್ ಮಾಡುತ್ತಿದ್ದಷ್ಟು ದಿನವೂ ಗೂಗಲ್ ಲೆಕ್ಕದಲ್ಲಿ ನನ್ನ ಮಗ ಇದ್ದ.

ಅವಧಿ ಮುಗಿಯಲು ಒಂದು ತಿಂಗಳು ಇರುವಾಗ ಖಾತೆಯವರ ಫೋನಿಗೇ ಮೊದಲು ಒಂದು ಎಚ್ಚರಿಕೆ ಹೋಗುತ್ತದೆ. ಮರೆತಿದ್ದೀರಾ, ಇದ್ದೀರಾ ಅಂತ ಕೇಳುವ ಹಾಗೆ. ಆ ಮೆಸೇಜ್ ಹೊರಟಾಗ ಅಲ್ಲಿನ ಮೊಬೈಲ್ ಕಂಪನಿ ಅವನ ನಂಬರನ್ನು ಆಗಲೇ ಮುಚ್ಚಿತ್ತು. ಮುಚ್ಚಿದ ಮೇಲೂ ನಮಗೆ ಎರಡು ಬಿಲ್ ಕಳಿಸಿತು, ಅದು ಬೇರೆ ಕತೆ. ಫೋನ್ ನಮ್ಮ ಮನೆಯ ಬೀರುವಿನಲ್ಲಿ ಆಫ್ ಆಗಿತ್ತು. ಲಾಕ್ ತೆಗೆಯಬಹುದಾ ಅಂತ ಒಂದು ರಿಪೇರಿ ಅಂಗಡಿಯಲ್ಲಿ ಕೇಳಿದ್ದೆ. ‘ತೆಗೀಬಹುದು ಸಾರ್, ಒಳಗಿರೋದೆಲ್ಲ ಹೋಗುತ್ತೆ, ಫೋನ್ ಹೊಸದಾಗುತ್ತೆ’ ಅಂದ. ಹೊಸ ಫೋನ್ ಯಾರಿಗೆ ಬೇಕಿತ್ತು?

ಈಗ ಮೇಲ್ ವಿಷಯ. ನಮ್ಮ ವಯಸ್ಸಿನವರಿಗೆ ಎಲ್ಲರೂ ಒಂದೇ ಪಾಠ ಹೇಳಿಕೊಟ್ಟಿದ್ದಾರೆ: ಗೊತ್ತಿಲ್ಲದ ಲಿಂಕ್ ಒತ್ತಬೇಡಿ, ಯಾರಿಗೂ ಓಟಿಪಿ ಕೊಡಬೇಡಿ. ಈ ಮೇಲ್‌ನಲ್ಲಿ ಎರಡೂ ಇದೆ. ಇಂಥವರು ತಮ್ಮ ಖಾತೆ ಬಳಸುವುದನ್ನು ನಿಲ್ಲಿಸಿದ ಮೇಲೆ ನಿಮಗೆ ಇದನ್ನು ಕಳಿಸಲು ನಮಗೆ ಹೇಳಿದ್ದರು ಅಂತ ಒಂದು ಸಾಲು, ಒಂದು ಲಿಂಕ್, ಒತ್ತಿದರೆ ನಿಮ್ಮ ಮೊಬೈಲಿಗೆ ಕೋಡ್ ಬರುತ್ತದೆ. ತೀರಿಕೊಂಡವರ ಹೆಸರಲ್ಲಿ ಬರುವ ಮೋಸಗಳ ಬಗ್ಗೆಯೂ ಕೇಳಿದ್ದೆವು. ಹೆಂಡತಿ ‘ಡಿಲೀಟ್ ಮಾಡಿ, ಸುಮ್ನೆ ಮುಟ್ಟಬೇಡಿ’ ಅಂದಳು. ನಾನು ಡಿಲೀಟ್ ಮಾಡದೆ ಬಿಟ್ಟದ್ದಕ್ಕೆ ಕಾರಣ ಒಂದೇ. ಮೇಲ್ ಜೊತೆಗಿದ್ದ ಮಾತನ್ನು ಯಾವ ಮೋಸಗಾರನೂ ಬರೆಯಲಾರ. ಅದು ಹೀಗಿತ್ತು:

‘ಅಪ್ಪಾ, ಇದು ನಿನಗೆ ಬಂದಿದೆ ಅಂದ್ರೆ ಒಂದೋ ನಾನಿಲ್ಲ, ಇಲ್ಲಾ ಪಾಸ್‌ವರ್ಡ್ ಮರೆತು ಕೂತಿದ್ದೀನಿ. ಎರಡನೇದೇ ಇರಬಹುದು. ಮೊದಲು ಫೋನ್ ಮಾಡಿ ನೋಡು. ಫೋಟೋ ಎಲ್ಲ ಅಮ್ಮನಿಗೆ. ಡ್ರೈವ್‌ನಲ್ಲಿ ನಿನ್ನ ಪೇಪರ್‌ಗಳ ಸ್ಕ್ಯಾನ್ ಇದೆ, ನೀನು ಕಳೆದುಕೊಂಡಿರ್ತೀಯ.’

ಫೋನ್ ಮಾಡಿದೆ. ನಂಬರ್ ಚಾಲ್ತಿಯಲ್ಲಿಲ್ಲ ಅಂತ ರೆಕಾರ್ಡ್ ಮಾಡಿದ ಹೆಂಗಸಿನ ದನಿ ಬಂತು. ಪೇಪರ್‌ಗಳನ್ನು ನಾನೇನೂ ಕಳೆದುಕೊಂಡಿಲ್ಲ, ಎಲ್ಲ ಫೈಲಿನಲ್ಲಿವೆ. ಅದನ್ನು ಅವನಿಗೆ ಹೇಳಬೇಕಿತ್ತು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಈ ಸೇವೆಯಲ್ಲಿ ಬರೆದಿಡುವ ಜಾಗ ಇದೆಯಲ್ಲ, ಅಲ್ಲಿ ಬಹಳ ಜನ ‘ಇದು ನನ್ನ ಡೇಟಾ’ ಅಂತ ಒಂದು ಸಾಲು ಹಾಕಿ ಬಿಡುತ್ತಾರಂತೆ. ಹಾಗೆ ಮಾಡಬೇಡಿ. ನಿಮ್ಮ ಮನೆಯವರಿಗೆ ಮಾತ್ರ ಗೊತ್ತಿರುವ ದನಿಯಲ್ಲಿ ಬರೆಯಿರಿ. ಭಾವುಕವಾಗಿ ಬರೆಯಬೇಕಾಗಿಲ್ಲ. ಕಾಲೆಳೆದರೂ ಆದೀತು. ಮೇಲ್ ನಿಜವೋ ಸುಳ್ಳೋ ಅಂತ ತಿಳಿಯಲು ನಮಗಿದ್ದ ಗುರುತು ಅದೊಂದೇ.

ಕೋಡ್ ಹಾಕಿದ ಮೇಲೆ ಡೌನ್‌ಲೋಡ್. ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ಫೋನಿನಲ್ಲಿ ನೋಡುವ ಹಾಗೆ ಚಂದದ ಆಲ್ಬಮ್ ಬರುವುದಿಲ್ಲ. ಜಿಪ್ ಫೈಲ್‌ಗಳು ಬರುತ್ತವೆ. ಬಿಚ್ಚಿದರೆ ವರ್ಷಕ್ಕೊಂದು ಫೋಲ್ಡರ್. ಒಳಗೆ ಪ್ರತಿ ಫೋಟೋ ಪಕ್ಕದಲ್ಲಿ ಅದೇ ಹೆಸರಿನ ಒಂದು ಪುಟ್ಟ ಫೈಲ್, ಜೇಸನ್ ಅನ್ನುತ್ತಾರೆ. ಇದು ಕಸ, ಅಳಿಸಿ ಜಾಗ ಉಳಿಸಿ ಅಂತ ನನಗೊಬ್ಬರು ಸಲಹೆ ಕೊಟ್ಟರು. ದಯವಿಟ್ಟು ಅಳಿಸಬೇಡಿ. ಬೇರೆಯವರು ಕಳಿಸಿದ ಫೋಟೋಗಳಲ್ಲಿ ಎಷ್ಟೋ ಸಲ ತಾರೀಕು ಒಳಗೆ ಇರುವುದಿಲ್ಲ. ಕಂಪ್ಯೂಟರ್ ಎಲ್ಲಕ್ಕೂ ಡೌನ್‌ಲೋಡ್ ಮಾಡಿದ ದಿನವನ್ನೇ ತೋರಿಸುತ್ತದೆ. ನಿಜವಾದ ತಾರೀಕು, ಗಂಟೆ, ನಿಮಿಷ, ಜಾಗ ಎಲ್ಲ ಇರುವುದು ಆ ಪುಟ್ಟ ಫೈಲಿನಲ್ಲಿ. ನೋಟ್‌ಪ್ಯಾಡಿನಲ್ಲಿ ತೆರೆದರೆ ಓದಬಹುದು.

ನಾನು ಸರ್ವೆ ಕೆಲಸದಲ್ಲಿದ್ದು ನಿವೃತ್ತನಾದವನು. ಅಕ್ಷಾಂಶ ರೇಖಾಂಶ ನೋಡಿದರೆ ಕೈ ಸುಮ್ಮನಿರುವುದಿಲ್ಲ. ಆ ಫೈಲಿನಲ್ಲಿ ಅವೆರಡೂ ದಶಾಂಶದಲ್ಲಿ ಇರುತ್ತವೆ. ಐದನೇ ದಶಾಂಶ ಸ್ಥಾನ ಅಂದರೆ ನೆಲದ ಮೇಲೆ ಸುಮಾರು ಒಂದು ಮೀಟರ್. ಫೋನಿನ ಜಿಪಿಎಸ್ ಅಷ್ಟು ಕರಾರುವಾಕ್ ಅಲ್ಲ, ಹತ್ತು ಮೀಟರ್ ಆಚೀಚೆ ಆಗಬಹುದು, ಕಟ್ಟಡದ ಒಳಗಾದರೆ ಇನ್ನೂ ಜಾಸ್ತಿ. ಆದರೂ ಹತ್ತು ಮೀಟರ್ ಸಾಕು. ಅವನು ಯಾವ ಸೇತುವೆಯ ಯಾವ ತುದಿಯಲ್ಲಿ ನಿಂತು ನದಿಯ ಫೋಟೋ ತೆಗೆದ ಅಂತ ಗೊತ್ತಾಗುತ್ತದೆ. ಮ್ಯಾಪಿನಲ್ಲಿ ಒಂದೊಂದಾಗಿ ಹಾಕುತ್ತಾ ಹೋದೆ. ಆ ಊರಿಗೆ ನಾನು ಹೋದದ್ದು ಅವನನ್ನು ತರಲು ಮಾತ್ರ, ಕಣ್ಣಿಗೆ ಏನೂ ಬಿದ್ದಿರಲಿಲ್ಲ. ಈಗ ಅವನ ಆಫೀಸಿನ ದಾರಿ ಗೊತ್ತು. ಎಲ್ಲಿ ಏರು, ಎಲ್ಲಿ ಸೈಕಲ್ ಇಳಿದು ತಳ್ಳುತ್ತಿದ್ದ, ಯಾವ ಗೋಡೆಗೆ ಒರಗಿಸಿ ನಿಲ್ಲಿಸುತ್ತಿದ್ದ ಅಂತ ಗೊತ್ತು.

ಸಮಯ ಮಾತ್ರ ಯುಟಿಸಿಯಲ್ಲಿ, ಅಂದರೆ ಇಡೀ ಜಗತ್ತಿಗೆ ಒಂದೇ ಆದ ಪ್ರಮಾಣ ಸಮಯದಲ್ಲಿ ಇರುತ್ತದೆ. ನಮ್ಮ ಗಡಿಯಾರವೂ ಅಲ್ಲ, ಅವನ ಊರಿನದ್ದೂ ಅಲ್ಲ. ಕೂಡಿಸಿ ಕಳೆದು ನೋಡಬೇಕು. ಚಳಿಗಾಲಕ್ಕೂ ಬೇಸಿಗೆಗೂ ಅವರ ಗಡಿಯಾರ ಒಂದು ಗಂಟೆ ಸರಿಯುತ್ತದೆ ಅನ್ನುವುದನ್ನು ಮರೆಯಬೇಡಿ, ಇಲ್ಲದಿದ್ದರೆ ರಾತ್ರಿ ಹನ್ನೊಂದೂವರೆಯ ಫೋಟೋ ಮರುದಿನದ್ದಾಗುತ್ತದೆ.

ಏನೇನು ಸಿಕ್ಕಿತು ಅಂತ ಕೇಳುತ್ತೀರಿ. ನಾವು ನೋಡಬೇಕು ಅಂತ ಅವನು ಕಳಿಸಿದ್ದ ಫೋಟೋಗಳು ನಮ್ಮ ಹತ್ತಿರ ಮೊದಲೇ ಇದ್ದವು. ಹಿಮ, ಕೋಟೆ, ಕೋಟು ಹಾಕಿಕೊಂಡು ನಗುವ ಮುಖ. ಇದರಲ್ಲಿ ಬಂದದ್ದು ಅವನು ಯಾರಿಗೂ ತೋರಿಸಲು ತೆಗೆಯದ ಫೋಟೋಗಳು. ಬಸ್ ವೇಳಾಪಟ್ಟಿ. ಪಂಕ್ಚರ್ ಆದ ಚಕ್ರ. ಲಾಂಡ್ರಿ ಮಷೀನಿನ ಮೇಲಿನ ಸೂಚನೆ, ಭಾಷೆ ಅರ್ಥವಾಗದೆ ಅನುವಾದಕ್ಕೆ ತೆಗೆದದ್ದು. ಜೇಬಿನಲ್ಲಿ ತಾನಾಗಿ ಕ್ಲಿಕ್ ಆದ ಕಪ್ಪು ಫೋಟೋಗಳು, ಅವನ್ನೂ ಅಳಿಸದೆ ಇಟ್ಟಿದ್ದಾನೆ, ಸೋಮಾರಿ. ಇಡೀ ಸಂಗ್ರಹದ ಕೊನೆಯ ಫೋಟೋ ಕರೆಂಟ್ ಮೀಟರ್. ತಿಂಗಳ ರೀಡಿಂಗ್ ಕಳಿಸಲು ತೆಗೆದಿರಬೇಕು. ಅಂಕಿಗಳು ಸ್ಪಷ್ಟವಾಗಿ ಕಾಣುತ್ತವೆ, ಗಾಜಿನಲ್ಲಿ ಅವನ ಹೆಬ್ಬೆರಳಿನ ನೆರಳಿದೆ.

ಒಂದು ವಿಡಿಯೋ ಇದೆ. ಅಡುಗೆಮನೆಯ ಸಿಂಕ್ ಕೆಳಗೆ ಪೈಪ್ ಸೋರುತ್ತಿದೆ. ಮನೆ ಮಾಲೀಕರಿಗೆ ಕಳಿಸಲು ತೆಗೆದದ್ದು. ಬಗ್ಗಿ, ಟಾರ್ಚ್ ಹಿಡಿದು, ಬಹಳ ಮರ್ಯಾದೆಯ ಇಂಗ್ಲಿಷ್‌ನಲ್ಲಿ ವಿವರಿಸುತ್ತಾನೆ: ಇಲ್ಲಿ ನೋಡಿ, ಈ ಜಾಯಿಂಟ್, ಹೋದ ವಾರವೂ ತಿಳಿಸಿದ್ದೆ. ಕೊನೆಗೆ ಫೋನ್ ಕೆಳಗಿಳಿಸುವಾಗ ತನ್ನಷ್ಟಕ್ಕೆ ‘ಯಾರಿಗೆ ಹೇಳ್ತಿದೀನೋ ನಾನು’ ಅಂತ ಕನ್ನಡದಲ್ಲಿ ಗೊಣಗುತ್ತಾನೆ. ಹೆಂಡತಿಗೆ ಇಷ್ಟವಾದದ್ದು ಅದೊಂದೇ. ಹುಟ್ಟುಹಬ್ಬದ ವಿಡಿಯೋಗಳಲ್ಲಿ ಎಲ್ಲರೂ ಒಂದೇ ಥರ ಮಾತಾಡುತ್ತಾರೆ, ಇದರಲ್ಲಿ ಮಾತ್ರ ಅವನು ಮನೆಯಲ್ಲಿ ಇದ್ದ ಹಾಗೇ ಇದ್ದಾನೆ ಅನ್ನುತ್ತಾಳೆ.

ಡ್ರೈವ್‌ನಲ್ಲಿ ನನ್ನ ಪೇಪರ್‌ಗಳು ಇದ್ದವು, ಅವನ ಸರ್ಟಿಫಿಕೇಟುಗಳು, ಬಾಡಿಗೆ ಕರಾರು. ಇನ್‌ಶೂರೆನ್ಸ್ ಕೆಲಸಕ್ಕೆ ಕರಾರು ಬೇಕಾಗಿತ್ತು, ಅದಕ್ಕಾಗಿ ಎಷ್ಟು ಕಡೆ ಪತ್ರ ಬರೆದಿದ್ದೆವೋ. ಗೂಗಲ್ ಶೀಟ್‌ಗಳು ಎಕ್ಸೆಲ್ ಫೈಲಾಗಿ, ಡಾಕ್‌ಗಳು ವರ್ಡ್ ಫೈಲಾಗಿ ಬರುತ್ತವೆ, ತೆರೆಯಲು ತೊಂದರೆ ಇಲ್ಲ. ಅದರಲ್ಲಿ ಒಂದು ಶೀಟ್, ಮನೆಗೆಲಸದ ಪಾಳಿಯದ್ದು. ಮೇಲೆ ನಾಲ್ಕು ಹುಡುಗರ ಹೆಸರು, ಪಕ್ಕದಲ್ಲಿ ವಾರಗಳು, ಬಾತ್‌ರೂಮ್ ಯಾರು, ಕಸ ಯಾರು. ಅವನು ಮಾಡಿ ಉಳಿದವರ ಜೊತೆ ಹಂಚಿಕೊಂಡದ್ದು. ನಾವು ಡೌನ್‌ಲೋಡ್ ಮಾಡುವ ಹೊತ್ತಿಗೂ ಅವರು ಅದನ್ನು ಬಳಸುತ್ತಲೇ ಇದ್ದರು. ಅಪಘಾತವಾದ ವಾರದ ನಂತರವೂ ಅವನ ಹೆಸರಿನ ಕಾಲಂ ಹಾಗೇ ಇದೆ. ಪಾಳಿ ಅವನ ಹೆಸರಿಗೆ ಬಂದಾಗಲೆಲ್ಲ ಉಳಿದ ಮೂವರಲ್ಲಿ ಒಬ್ಬರು ತಮ್ಮ ಹೆಸರು ಬರೆದು ಕೆಲಸ ಮಾಡಿದ್ದಾರೆ. ನಾಲ್ಕನ್ನು ಮೂರು ಮಾಡಿಕೊಂಡಿದ್ದರೆ ಲೆಕ್ಕ ಸುಲಭವಾಗುತ್ತಿತ್ತು. ಮಾಡಿಲ್ಲ.

ಈಗ ನಮ್ಮ ಮನೆಯಲ್ಲಿ ಇನ್ನೂ ಮುಗಿಯದ ಜಗಳಕ್ಕೆ ಬರುತ್ತೇನೆ. ಈ ಸೇವೆಯ ನಿಜವಾದ ಗುಣವೂ ಅದರಲ್ಲೇ ಇದೆ.

ಮಗ ಫೋಟೋ ಮತ್ತು ಡ್ರೈವ್‌ಗೆ ಟಿಕ್ ಹಾಕಿದ್ದ. ಜಿಮೇಲ್‌ಗೆ ಹಾಕಿರಲಿಲ್ಲ. ಮರೆತದ್ದಲ್ಲ, ಪಟ್ಟಿ ಕಣ್ಣೆದುರೇ ಇರುತ್ತದೆ. ಬೇಡ ಅಂತಲೇ ಬಿಟ್ಟಿದ್ದಾನೆ. ಹೆಂಡತಿಗೆ ಇದು ಸಹಿಸಲು ಆಗುತ್ತಿಲ್ಲ. ‘ಕೊನೆಯ ತಿಂಗಳು ಹೇಗಿದ್ದ ಅಂತ ನನಗೆ ಗೊತ್ತಾಗಬೇಕು. ನಾನು ತಾಯಿ’ ಅನ್ನುತ್ತಾಳೆ. ಅವಳ ಕಡೆಗೂ ದೊಡ್ಡ ಉದಾಹರಣೆಗಳಿವೆ. 2004ರಲ್ಲಿ ಇರಾಕಿನಲ್ಲಿ ಸತ್ತ ಒಬ್ಬ ಅಮೆರಿಕನ್ ಯುವ ಸೈನಿಕನ ತಂದೆ ಮಗನ ಮೇಲ್‌ಗಳನ್ನು ಕೇಳಿದ. ಖಾತೆ ಯಾಹೂನಲ್ಲಿತ್ತು. ಬಳಕೆದಾರರ ಖಾಸಗಿತನದ ನಿಯಮ ಹೇಳಿ ಕಂಪನಿ ಕೊಡಲಿಲ್ಲ. ತಂದೆ ಮಿಶಿಗನ್‌ನ ಕೋರ್ಟಿಗೆ ಹೋದ. 2005ರಲ್ಲಿ ಕೋರ್ಟ್ ಆದೇಶ ಕೊಟ್ಟ ಮೇಲೆ ಮೇಲ್‌ಗಳು ಸಿಡಿಯಲ್ಲಿ ಬಂದವು. ಜರ್ಮನಿಯಲ್ಲಿ ರೈಲಿಗೆ ಸಿಕ್ಕು ಸತ್ತ ಹುಡುಗಿಯ ತಾಯಿ ಮಗಳ ಫೇಸ್‌ಬುಕ್ ಖಾತೆಗಾಗಿ ವರ್ಷಗಟ್ಟಲೆ ಹೋರಾಡಿದಳು. ಪತ್ರ ಡೈರಿಗಳ ಹಾಗೆ ಖಾತೆಯೂ ವಾರಸುದಾರರಿಗೆ ಸೇರುತ್ತದೆ ಅಂತ 2018ರಲ್ಲಿ ಅಲ್ಲಿನ ಸರ್ವೋಚ್ಚ ಸಿವಿಲ್ ನ್ಯಾಯಾಲಯ ಹೇಳಿತು. ಕಂಪನಿ 14,000ಕ್ಕೂ ಜಾಸ್ತಿ ಪುಟದ ಒಂದು ಪಿಡಿಎಫ್ ಕೊಟ್ಟಿತು. ಅದು ಸಾಲದು, ಖಾತೆಯ ಒಳಗೇ ಬಿಡಬೇಕು ಅಂತ 2020ರಲ್ಲಿ ಮತ್ತೆ ತೀರ್ಪು ಬಂತು.

ಇದನ್ನೆಲ್ಲ ಅವಳಿಗೆ ಓದಿ ಹೇಳಿದವನು ನಾನೇ. ಹೇಳಿದ ಮೇಲೂ ನನ್ನ ಅಭಿಪ್ರಾಯ ಬದಲಾಗಿಲ್ಲ. ಆ ಇಬ್ಬರು ಮಕ್ಕಳೂ ಏನೂ ಹೇಳಿಟ್ಟು ಹೋಗಿರಲಿಲ್ಲ. ಹೇಳದೇ ಹೋದಾಗ ಹೆತ್ತವರು ಕೇಳುವುದು ನ್ಯಾಯ. ನಮ್ಮವನು ಹೇಳಿದ್ದಾನೆ. ಪಕ್ಕದಲ್ಲಿ ಕೂತು ಹೇಳಿದಷ್ಟೇ ಸ್ಪಷ್ಟವಾಗಿ ಹೇಳಿದ್ದಾನೆ: ಇದು ನಿಮಗೆ, ಅದು ನನಗೆ. 29 ವರ್ಷದ ಗಂಡಸಿಗೆ ಅಪ್ಪ ಅಮ್ಮ ಓದಬಾರದ ಪತ್ರ ಒಂದೂ ಇಲ್ಲ ಅಂದರೆ ಅವನು ಬದುಕಿದ್ದಾದರೂ ಏನು? ಅವಳು ಇದಕ್ಕೆ ‘ನಿಮಗೆ ಗೊತ್ತಾಗೋದು ಬೇಡ, ಅದಕ್ಕೇ ಹಾಗಂತೀರಿ’ ಅನ್ನುತ್ತಾಳೆ. ಪೂರ್ತಿ ಸುಳ್ಳು ಅಂತ ಹೇಳಲಾರೆ.

ತೀರಿಕೊಂಡವರ ಖಾತೆಯಿಂದ ಮಾಹಿತಿ ಬೇಕು ಅಂತ ಹತ್ತಿರದವರು ಗೂಗಲ್‌ಗೆ ಬೇರೆಯಾಗಿ ಅರ್ಜಿ ಹಾಕಬಹುದು. ಪಾಸ್‌ವರ್ಡ್ ಅಂತೂ ಯಾರಿಗೂ ಕೊಡುವುದಿಲ್ಲ. ಕೆಲವು ಸಂದರ್ಭಗಳಲ್ಲಿ ಒಳಗಿನದ್ದನ್ನು ಕೊಡಬಹುದು, ಪರಿಶೀಲಿಸಿ ನಿರ್ಧರಿಸುತ್ತಾರೆ. ಮರಣ ಪ್ರಮಾಣಪತ್ರ ಬೇಕು. ನಮ್ಮ ಹತ್ತಿರ ಇರುವುದು ಪರಭಾಷೆಯದ್ದು, ಅದಕ್ಕೆ ದೃಢೀಕರಿಸಿದ ಇಂಗ್ಲಿಷ್ ಅನುವಾದ ಮಾಡಿಸಿದ್ದೇವೆ. ವಿದೇಶದಲ್ಲಿ ಸಾವಾದವರು ಆ ಅನುವಾದದ ಪ್ರತಿಗಳನ್ನು ಶುರುವಿನಲ್ಲೇ ಜಾಸ್ತಿ ಮಾಡಿಸಿಟ್ಟುಕೊಳ್ಳಿ, ಎಲ್ಲೆಲ್ಲಿ ಕೇಳುತ್ತಾರೆ ಅಂತ ಹೇಳಲು ಬರುವುದಿಲ್ಲ. ಹೆಂಡತಿ ಅರ್ಜಿ ತುಂಬಿ ಇಟ್ಟಿದ್ದಾಳೆ. ಕಳಿಸಿಲ್ಲ. ನಾನು ತಡೆದಿಲ್ಲ.

ಬೇರೆ ಕಂಪನಿಗಳ ಇಂಥ ಸೇವೆಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಆಪಲ್‌ನಲ್ಲಿ ಲೆಗಸಿ ಕಾಂಟ್ಯಾಕ್ಟ್ ಅಂತಿದೆ, 2021ರ ಕೊನೆಯಲ್ಲಿ ಬಂದದ್ದು. ಐವರವರೆಗೆ ಹೆಸರಿಸಬಹುದು. ಅವರ ಕೈಗೆ ಒಂದು ಕೀಲಿ ಸಿಗುತ್ತದೆ. ಆ ಕೀಲಿ ಮತ್ತು ಮರಣ ಪ್ರಮಾಣಪತ್ರ ಎರಡೂ ಇದ್ದರೆ 3 ವರ್ಷ ಒಳಗೆ ಹೋಗಬಹುದು, ಆಮೇಲೆ ಖಾತೆ ಅಳಿಯುತ್ತದೆ. ಅದರಲ್ಲಿ ಯಾವುದನ್ನು ಕೊಡಬೇಕು ಯಾವುದನ್ನು ಬಿಡಬೇಕು ಅಂತ ಒಂದೊಂದಾಗಿ ಆರಿಸಲು ಬರುವುದಿಲ್ಲ. ಪಾಸ್‌ವರ್ಡ್‌ಗಳು ಮತ್ತು ಹಣದ ವಿವರ ಬಿಟ್ಟು ಬಹುಪಾಲು ಎಲ್ಲ ಸಿಗುತ್ತದೆ. ನನ್ನ ಹೆಂಡತಿಯಂಥವರಿಗೆ ಅದೇ ವಾಸಿ. ಫೇಸ್‌ಬುಕ್‌ನಲ್ಲಿ ಖಾತೆಯನ್ನು ಸ್ಮರಣೆಯ ಖಾತೆ ಮಾಡಬಹುದು, ಹೆಸರಿನ ಪಕ್ಕ ಅದನ್ನು ಹೇಳುವ ಪದ ಬರುತ್ತದೆ, ಹುಟ್ಟುಹಬ್ಬದ ನೆನಪೋಲೆ ನಿಲ್ಲುತ್ತದೆ. ಅಲ್ಲಿ ಹೆಸರಿಸಿದವರು ಪ್ರೊಫೈಲ್ ಫೋಟೋ ಬದಲಿಸಬಹುದು, ಮೇಲೆ ಒಂದು ಪೋಸ್ಟ್ ನಿಲ್ಲಿಸಬಹುದು, ಖಾಸಗಿ ಮೆಸೇಜ್ ಓದಲು ಮಾತ್ರ ಆಗದು. ವಾಟ್ಸಾಪ್‌ನದ್ದು ಬೇರೆಯೇ ಲೆಕ್ಕ. 120 ದಿನ ಬಳಸದ ಖಾತೆ ಸಾಮಾನ್ಯವಾಗಿ ಅಳಿಯುತ್ತದೆ. ಅವರು ನಿಮಗೆ ಕಳಿಸಿದ ಧ್ವನಿ ಸಂದೇಶಗಳು ನಿಮ್ಮ ಫೋನಿನಲ್ಲಿ ಇರುತ್ತವೆ, ಹೌದು. ಆದರೆ ನಿಮ್ಮ ಫೋನ್ ಹಾಳಾದರೆ? ಇವತ್ತೇ ಬೇರೆ ಕಡೆ ತೆಗೆದಿಟ್ಟುಕೊಳ್ಳಿ.

ಗೂಗಲ್‌ನಲ್ಲೂ ಆತುರಪಡಬೇಕಾದ ವಿಷಯ ಒಂದಿದೆ. ಎರಡು ವರ್ಷ ಬಳಸದ ಖಾತೆಗಳನ್ನು ಅಳಿಸಬಹುದು ಅನ್ನುವ ನಿಯಮ 2023ರಲ್ಲಿ ಬಂತು. ಮಗ ಖಾತೆ ಅಳಿಸಿ ಅಂತ ಹೇಳಿರಲಿಲ್ಲ, ಆದರೂ ಅದು ಇದ್ದೇ ಇರುತ್ತದೆ ಅಂತ ನಂಬಿ ಕೂರುವ ಹಾಗಿಲ್ಲ. ಮೇಲ್ ಬಂದಾಗಲೇ ಇಳಿಸಿಕೊಳ್ಳಿ, ಎರಡು ಹಾರ್ಡ್‌ಡಿಸ್ಕಿನಲ್ಲಿ ಇಡಿ, ಒಂದನ್ನು ಬೇರೆ ಮನೆಯಲ್ಲಿ ಇಡಿ.

ಈ ಸೇವೆಯಲ್ಲಿ ನನಗೆ ಬೇಡವೆನಿಸಿದ್ದು, ಹೆಸರಿಸಿದವರಿಗೆ ಮೊದಲು ಸುದ್ದಿಯೇ ಹೋಗದಿರುವುದು. ಅದರ ಕಾರಣ ಅರ್ಥವಾಗುತ್ತದೆ, ಎಲ್ಲರಿಗೂ ಮನೆಯಲ್ಲಿ ಹೇಳಿಕೊಳ್ಳಲು ಆಗುವುದಿಲ್ಲ. ಆದರೆ ಎಲ್ಲ ನಿಂತಿರುವುದು ಒಂದು ಮೊಬೈಲ್ ನಂಬರಿನ ಮೇಲೆ. ಕೋಡ್ ಬರುವುದು ಅದಕ್ಕೇ. ನಾನು ಆ ನಡುವೆ ನಂಬರ್ ಬದಲಿಸಿದ್ದರೆ? ಬದಲಿಸುವ ಯೋಚನೆ ಇತ್ತು ಕೂಡ, ಸಂತಾಪದ ಕರೆಗಳಿಗೆ ಬೇಸತ್ತು. ಹಾಗಾಗಿ ಸೆಟ್ ಮಾಡುವವರು ಒಂದು ಮಾತು ಹೇಳಿಬಿಡಿ. ಏನು ಕೊಟ್ಟಿದ್ದೀರಿ ಅಂತ ಹೇಳಬೇಡಿ, ಕೊಟ್ಟಿದ್ದೀರಿ ಅಂತಷ್ಟೇ ಹೇಳಿ.

ನಾವಿಬ್ಬರೂ ಈಗ ನಮ್ಮ ನಮ್ಮ ಖಾತೆಗಳಲ್ಲಿ ಇದನ್ನು ಸೆಟ್ ಮಾಡಿದ್ದೇವೆ. ಹೆಸರು ಮಗಳದ್ದು, ಅವಳಿಗೆ ಹೇಳಿದ್ದೇವೆ. ನಾನು 6 ತಿಂಗಳು ಇಟ್ಟಿದ್ದೇನೆ, ಜಿಮೇಲ್‌ಗೆ ಟಿಕ್ ಹಾಕಿಲ್ಲ. ಹೆಂಡತಿ 3 ತಿಂಗಳು ಇಟ್ಟು ಪಟ್ಟಿಯಲ್ಲಿ ಇರುವುದಕ್ಕೆಲ್ಲ ಹಾಕಿದ್ದಾಳೆ, ಅವಳು ಯಾವತ್ತೂ ಬಳಸದ ಯೂಟ್ಯೂಬ್ ಚಾನೆಲ್‌ಗೂ.